ಅಪ್ಪಾಸಾಹೇಬರ ಶುದ್ಧ ರಕ್ತ

ಅಪ್ಪಾಸಾಹೇಬ ಕಬ್ಬೂರ ಅವರು ಓಟಗಾರರಾದದ್ದು ಸಿಗರೇಟಿನ ದಯೆಯಿಂದ. ಇಂಥ ಮಾತು ಯಾವ ವ್ಯಾಯಾಮದ ಪುಸ್ತಕದಲ್ಲೂ ಸಿಗಲಾರದು. ಸಿಕ್ಕರೂ ಆ ಪುಸ್ತಕವನ್ನು ಯಾರೂ ಮಕ್ಕಳ ಕೈಗೆ ಕೊಡಲಾರರು. ಆದರೆ ನಡೆದದ್ದು ಹಾಗೆಯೇ. ಪುಣೆ ಹತ್ತಿರದ ಆಕುರ್ಡಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು-ಬೋಲ್ಟುಗಳ ಮೇಲೆ ದರ್ಬಾರು ನಡೆಸುತ್ತ, ಸಂಜೆ ನಿಗಡಿಯ ತಮ್ಮ ಫ್ಲ್ಯಾಟಿನ ಮೆಟ್ಟಿಲು ಹತ್ತುವಾಗ ನಡುವೆ ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದ ಈ ಸಂಸಾರಸ್ಥರು, ಐವತ್ತರ ಹೊಸ್ತಿಲಲ್ಲಿ ಕ್ಯಾನ್ವಾಸ್ ಬೂಟು ಕಟ್ಟಿ ಬೆಳ್ಳಂಬೆಳಿಗ್ಗೆ ಓಡತೊಡಗಿದ್ದಕ್ಕೆ ಬೇರೆ ಕಾರಣವೇ ಇರಲಿಲ್ಲ.

ಇದರ ಮೂಲ ಕಾಶಿಯಲ್ಲಿತ್ತು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕೆಂಬುದು ಹಿರಿಯರು ಮಾಡಿದ ಪದ್ಧತಿ. ಇಷ್ಟವಿಲ್ಲದ್ದನ್ನೇ ಇಷ್ಟವೆಂದು ಹೇಳಿ ಬಿಟ್ಟು ಬರುವುದು ಅದೇ ಹಿರಿಯರು ಮಾಡಿಟ್ಟ ಉಪಾಯ. ಜತೆಗೆ ಬಂದಿದ್ದ ಅಪ್ಪಾಸಾಹೇಬರ ಹೆಂಡತಿಯ ಅಣ್ಣ ಸಿದ್ದಾರೂಢ, ಹುಟ್ಟಿದಾರಭ್ಯ ಬಾಯಿಗೆ ಹಾಕದ ಹಾಗಲಕಾಯಿಯನ್ನು ಗಂಟಲು ಕಟ್ಟಿದವನಂತೆ ಮಾಡಿ ಗಂಗೆಗೆ ಅರ್ಪಿಸಿ, ದಡ ಹತ್ತಿ ಟವೆಲ್ ಹಿಂಡಿಕೊಂಡ. ಅಪ್ಪಾಸಾಹೇಬರೂ ಸೋರೆಕಾಯಿಯನ್ನು ನಾಲಗೆಯ ತುದಿಯಲ್ಲೇ ಸಿದ್ಧವಾಗಿಟ್ಟುಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅಷ್ಟರಲ್ಲಿ ಅವರ ಹೆಂಡತಿ ಗೌರಾಬಾಯಿ ಮುಂದೆ ಬಂದು ಬದನೆಕಾಯಿ ಬಿಟ್ಟೆ ಎಂದುಬಿಟ್ಟರು. ಚಿಕ್ಕೋಡಿ ಸೀಮೆಯ ಹೆಣ್ಣುಮಗಳು ಎಣ್ಣೆಗಾಯಿ ಬಿಡುವುದೆಂದರೆ ರೊಟ್ಟಿಯನ್ನೇ ಅರ್ಧ ಬಿಟ್ಟಂತೆ. ಇಂಥ ತ್ಯಾಗದ ಬೆನ್ನಿಗೆ ಸೋರೆಕಾಯಿ ಎನ್ನಲು ಅಪ್ಪಾಸಾಹೇಬರಿಗೆ ನಾಚಿಕೆಯಾಯಿತು. ಸಂಕಲ್ಪ ಮಾಡಿಸುತ್ತಿದ್ದ ಪುರೋಹಿತ, ಪಂಡಾ, ಅವಸರ ಮಾಡಿದ. ಹೆಂಡತಿ ಕೈಮುಗಿದು ನೋಡುತ್ತಿದ್ದರು. ಬಾಯಿ ತಾನಾಗಿಯೇ "ಸಿಗರೇಟು" ಎಂದಿತು.

ಆ ಸಂಕಲ್ಪ ಇಟಾರ್ಸಿ ಸ್ಟೇಶನ್ನಿನವರೆಗೆ ಬಾಳಿತು. ಗಂಗೆಯಲ್ಲಿ ಬಿಟ್ಟದ್ದರ ಹಕ್ಕು ನರ್ಮದೆಯ ಆಚೆ ನಡೆಯುವುದಿಲ್ಲವೆಂದು ಅಪ್ಪಾಸಾಹೇಬರು ರೈಲಿನಲ್ಲಿ ಕುಳಿತೇ ಒಂದು ಶಾಸ್ತ್ರ ರಚಿಸಿಕೊಂಡಿದ್ದರು. ಗಾಡಿ ನರ್ಮದೆ ದಾಟಿದ್ದೇ ತಡ, ನೀರು ತರುವ ನೆಪದಲ್ಲಿ ಪ್ಲಾಟ್‌ಫಾರ್ಮಿಗೆ ಇಳಿದು ಶಾಸ್ತ್ರವನ್ನು ಪ್ರಯೋಗಿಸಿಯೂ ನೋಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಊರಿಗೆ ಬಂದ ಮೇಲೆ ಮಾತ್ರ ಕಷ್ಟ ಶುರುವಾಯಿತು. ಗೌರಾಬಾಯಿಯವರ ಮೂಗು ಸಾಮಾನ್ಯ ಮೂಗಲ್ಲ. ಹೀಗಾಗಿ ಬೆಳಗಿನ ವಾಕಿಂಗ್ ಹುಟ್ಟಿಕೊಂಡಿತು. ಹಳೆಯ ಮುಂಬಯಿ ರಸ್ತೆಯ ಬದಿಗೆ, ಮನೆಯಿಂದ ಸಾಕಷ್ಟು ದೂರದಲ್ಲಿ, ಯಾದಗಿರಿ ಕಡೆಯ ಹುಸೇನಪ್ಪನ ಗೂಡಂಗಡಿ, ಪಾನ್ ಟಪರಿ, ಇತ್ತು. ಅಲ್ಲಿಯವರೆಗೆ ನಡೆಯುವುದು, ಟಪರಿಯ ಹಿಂದೆ ನಿಂತು ಸೇದುವುದು, ಏಲಕ್ಕಿ ಅಗಿಯುವುದು, ಆಮೇಲೆ ಅಂಗಿಗೂ ಬಾಯಿಗೂ ಹತ್ತಿದ ವಾಸನೆ ಗಾಳಿಗೆ ಹಾರಿಹೋಗಲೆಂದು ಬಾಯಿ ತೆರೆದುಕೊಂಡು ಜೀವ ಬಿಟ್ಟು ಓಡುವುದು. ಯಾರು ಕೇಳಿದರೂ "ಏನೂ ಕೊಟ್ಟಿಲ್ಲ" ಎನ್ನಬೇಕೆಂದು ಹುಸೇನಪ್ಪನಿಂದ ಮಾತು ತೆಗೆದುಕೊಂಡಾಗಿತ್ತು. ಹುಸೇನಪ್ಪ ಮಾತಿಗೆ ತಪ್ಪುವ ಮನುಷ್ಯನಲ್ಲ. ವ್ರತ ಮುರಿದವರಿಗೂ ಇಂಥ ಸತ್ಯವಂತರ ಆಸರೆ ಬೇಕಾಗುತ್ತದೆ.

ವರ್ಷಾನುಗಟ್ಟಲೆ ಹೀಗೆ ಓಡಿದರೆ ಕತ್ತೆಯೂ ಕುದುರೆಯಾಗುತ್ತದೆ. ಅಪ್ಪಾಸಾಹೇಬರ ಹೊಟ್ಟೆ ಕರಗಿತು, ಕಾಲು ಗಟ್ಟಿಯಾಯಿತು. ಆ ಸಲದ ಆಗಸ್ಟ್ ಹದಿನೈದಕ್ಕೆ ಅವರ ಫ್ಲ್ಯಾಟುಗಳ ಸೊಸಾಯಿಟಿಯವರು ಇಟ್ಟ ಹಿರಿಯರ ಓಟದಲ್ಲಿ ಅವರು ಮೊದಲಿಗರಾಗಿ ಬಂದರು. ಹಿಂದಿನಿಂದ ಯಾರೋ ಮೂಸುತ್ತ ಬರುತ್ತಿದ್ದಾರೆಂಬ ಅಭ್ಯಾಸಬಲದಿಂದ ಓಡಿದ್ದರೆಂಬುದು ಅವರೊಬ್ಬರಿಗೇ ಗೊತ್ತು. ಚೇರಮನ್ ಜಗತಾಪ ಅವರು ಕಪ್ಪು ಕೊಟ್ಟು, ಇಂಥವರು ಎರಡು ಮಾತಾಡಬೇಕೆಂದರು. ಗಣಪತಿ ಹಬ್ಬದಲ್ಲಿ ಅಪ್ಪಾಸಾಹೇಬರು ಮರಾಠಿಯಲ್ಲಿ "ನಾನು ಸಿಗರೇಟು ಬಿಟ್ಟ ಬಗೆ" ಎಂಬ ಭಾಷಣ ಮಾಡಿದರು. ಸಿಗರೇಟು ಬಿಡುವುದಕ್ಕೆ ಮನಸ್ಸಿನ ಸಂಕಲ್ಪವೊಂದೇ ಸಾಕೆಂದು ಹೇಳುವಾಗ ಅವರಿಗೇ ಕಣ್ಣಲ್ಲಿ ನೀರು ಬಂತು. ಗೌರಾಬಾಯಿ ಮುಂದಿನ ಸಾಲಿನಲ್ಲಿ ಕುಳಿತು, ಆಚೀಚಿನವರು ತಮ್ಮನ್ನು ನೋಡುತ್ತಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದರು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾದದ್ದು ಈ ಭಾಷಣದಿಂದಲೇ. ಅದನ್ನು ಕೇಳಿದವರಲ್ಲಿ ಮೇಲಿನ ಮನೆಯ ಶೀತಲ್ ಇದ್ದಳು. ಬೆಳಗಾವಿ ಕಡೆಯವರ ಮಗಳು, ಮೆಡಿಕಲ್ ಕಾಲೇಜಿನಲ್ಲಿ ಮೇಲಿನ ಓದು ಓದುತ್ತಿದ್ದಳು. ಸಿಗರೇಟು ಸೇದುವ ಆಟಗಾರರ ರಕ್ತಕ್ಕೂ ಸೇದದವರ ರಕ್ತಕ್ಕೂ ಏನು ವ್ಯತ್ಯಾಸ, ಯಾವ ಹಾರ್ಮೋನು ಏರುತ್ತದೆ, ಯಾವುದು ಇಳಿಯುತ್ತದೆ ಎಂಬುದು ಅವಳ ಥೀಸಿಸ್ಸು. ಸೇದುವ ಆಟಗಾರರು ಆಕೆಗೆ ಬೇಕಾದಷ್ಟು ಸಿಕ್ಕಿದ್ದರು. ಐವತ್ತು ದಾಟಿಯೂ ದಿನಾ ಓಡುವ, ಹೊಗೆ ಮುಟ್ಟದ ಗಂಡಸು ಮಾತ್ರ ದೀಪ ಹಚ್ಚಿ ಹುಡುಕಿದರೂ ಸಿಕ್ಕಿರಲಿಲ್ಲ.

ಆಕೆ ಮನೆಗೆ ಬಂದು ಕೇಳಿದಾಗ ಅಪ್ಪಾಸಾಹೇಬರು ರಕ್ತ ಕಂಡರೆ ತಲೆ ತಿರುಗುತ್ತದೆಂದರು, ಸ್ಟೋರಿನಲ್ಲಿ ಲೆಕ್ಕದ ಕಾಲವೆಂದರು. ಸಿಗರೇಟಿನ ಪ್ರಶ್ನೆ ಬಂದಾಗ ಉತ್ತರಿಸುವ ಕಷ್ಟವನ್ನು ಹೆಂಡತಿ ಅವರಿಗೆ ಕೊಡಲಿಲ್ಲ.

"ಕಾಶ್ಯಾಗ ಬಿಟ್ಟಾರವಾ. ಅವತ್ತಿನಿಂದ ಒಂದ ಸಲಾನೂ ಮುಟ್ಟಿಲ್ಲ," ಎಂದು ಗೌರಾಬಾಯಿ ಮನೆದೇವತೆ ಮಾಯಕ್ಕನ ಫೋಟೋದ ಕಡೆ ಕೈ ತೋರಿಸಿದರು. "ಬೇಕಾದಷ್ಟ ರಕ್ತಾ ತಗೋ."

ರವಿವಾರ ಬೆಳಿಗ್ಗೆ, ಓಡಿ ಬಂದ ಕೂಡಲೇ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ನಿಶ್ಚಯವಾಯಿತು. ಅಂದು ಒಂದು ದಿನ ಸೇದದೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸೂಜಿಯ ಹೆದರಿಕೆಗೆ ಧೈರ್ಯ ಬೇಕಲ್ಲ. ಅಪ್ಪಾಸಾಹೇಬರು ಧೈರ್ಯಕ್ಕೆಂದು ದಿನಕ್ಕಿಂತ ಒಂದು ಹೆಚ್ಚೇ ಸೇದಿದರು.

ವರದಿ ಬಂದಾಗ ಶೀತಲ್ ಪೆಚ್ಚುಮೋರೆ ಹಾಕಿಕೊಂಡು ಇಳಿದು ಬಂದಳು. ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಹೊಗೆಯ ಅನಿಲ ಕೂತುಬಿಟ್ಟಿದೆ, ಲೋಕಲ್ ಗಾಡಿಯಲ್ಲಿ ಕರವಸ್ತ್ರ ಹಾಸಿ ಸೀಟು ಹಿಡಿದವರ ಹಾಗೆ, ಏಳಿಸಿದರೆ ಏಳುತ್ತಿಲ್ಲ ಎಂದು ತಿಳಿಸಿ ಹೇಳಿದಳು. ರಕ್ತ ದಪ್ಪವಾಗಿದೆ. ಹೆದರಿದವರಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ತುಂಬ ಏರಿದೆ. ಗಂಡಸರ ಹಾರ್ಮೋನೂ ವಯಸ್ಸಿಗೆ ಸ್ವಲ್ಪ ಹೆಚ್ಚೇ ಇದೆ, ಸೇದುವವರಲ್ಲಿ ಕೆಲವೊಮ್ಮೆ ಹಾಗೆ ಕಾಣುತ್ತದೆ. ಒಟ್ಟಿನಲ್ಲಿ ಸೇದುವ ಪೈಲವಾನರ ರಕ್ತದ ಪಕ್ಕಕ್ಕಿಟ್ಟರೆ ಅಣ್ಣತಮ್ಮಂದಿರ ಹಾಗಿದೆ. ನಿಕೋಟಿನ್ನಿನ ಪರೀಕ್ಷೆ ಅವಳ ಕಾಲೇಜಿನಲ್ಲಿ ಇರಲಿಲ್ಲ. ಅಪ್ಪಾಸಾಹೇಬರು ಮನಸ್ಸಿನಲ್ಲೇ ಆ ಕಾಲೇಜಿಗೆ ದೀರ್ಘಾಯುಷ್ಯ ಕೋರಿದರು.

ಶೀತಲ್‌ಗೆ ಅವರ ಮೇಲೆ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಭಾಷಣ ಕೇಳಿದ್ದಳು. ಹೊಗೆ ಬೇರೆಲ್ಲಿಂದಲೋ ಬರುತ್ತಿದೆ, ಮೂಲ ಹುಡುಕಿ ಮತ್ತೆ ರಕ್ತ ತೆಗೆ ಎಂದು ಅವಳ ಗೈಡ್ ಹೇಳಿದ್ದರಂತೆ. ಗೌರಾಬಾಯಿಗೆ ಮಾತ್ರ ಕಾರ್ಟಿಸಾಲ್ ಮನಸ್ಸಿನಲ್ಲಿ ನಿಂತುಬಿಟ್ಟಿತು.

"ನಿಮಗ್ಯಾತರ ಹೆದರಿಕಿ?" ಎಂದು ಗಂಡನನ್ನು ಕೇಳಿದರು.

ಸ್ಟೋರಿನಲ್ಲಿ ಬೇರಿಂಗ್ ಕಡಿಮೆ ಬಿದ್ದಿವೆ ಎಂದು ಅಪ್ಪಾಸಾಹೇಬರು ಹೇಳಿದರು. ಹಾರ್ಮೋನು ಇನ್ನಷ್ಟು ಏರಿದ್ದು ಅವರಿಗೇ ತಿಳಿಯಿತು.

ಕೋಥರೂಡದಿಂದ ಸಿದ್ದಾರೂಢ ಸ್ಕೂಟರ್ ಮೇಲೆ ಬಂದ. ಅವನಿಗೆ ವರದಿಯಲ್ಲಿ ಕಂಡದ್ದು ಗಂಡಸರ ಹಾರ್ಮೋನು ಒಂದೇ. ಅದನ್ನು ಅವನು ಪುಣೆಯಲ್ಲಿದ್ದ ನಂಟರ ಮನೆಮನೆಗೂ ಪ್ರಸಾದದಂತೆ ಹಂಚಿ ಬಂದ. ಅತ್ತೆ-ಚಿಕ್ಕಮ್ಮಂದಿರು ಗೌರಾಬಾಯಿಗೆ ಫೋನು ಮಾಡಿ ಜೋಪಾನ ಹೇಳಿದರು. ಷಡ್ಡಕರು ಅಪ್ಪಾಸಾಹೇಬರಿಗೇ ಫೋನು ಮಾಡಿ, ದನಿ ತಗ್ಗಿಸಿ, ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ವಿಚಾರಿಸಿದರು. ಏಲಕ್ಕಿ ಎಂದು ಅವರು ಸತ್ಯವನ್ನೇ ಹೇಳಿದರು. ಆ ವಾರ ನಂಟರ ಪೈಕಿ ಏಲಕ್ಕಿಗೆ ಬಹಳ ಬೇಡಿಕೆ ಬಂತು.

ಇತ್ತ ಹೊಗೆಯ ಶೋಧ ನಡೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಗಡಿಯಲ್ಲಿ ಹೀಗೆ ಅಕ್ಷರಶಃ ನಡೆದೀತೆಂದು ಅಪ್ಪಾಸಾಹೇಬರು ಎಣಿಸಿರಲಿಲ್ಲ. ಚೇರಮನ್ ಜಗತಾಪ ಸ್ವತಃ ಕೈಯಲ್ಲಿ ಸಿಗರೇಟು ಹಿಡಿದುಕೊಂಡೇ ಗೇಟಿಗೆ ಹೋಗಿ, ಉದುರಿದ ಎಲೆ ಸುಡುತ್ತಿದ್ದ ವಾಚ್‌ಮನ್ ತಾಯಪ್ಪನನ್ನು ಬೈದರು. ನಮ್ಮ ಓಟಗಾರನ ರಕ್ತ ಕೆಡಿಸುತ್ತೀಯಾ ಎಂದರು. ಕೆಳಗಿನ ಮನೆಯವರ ಸೀಮೆಎಣ್ಣೆ ಸ್ಟೋವು ಮೂಲೆ ಸೇರಿತು. ಎಲ್ಲ ಮುಗಿದ ಮೇಲೆ ಶೀತಲ್‌ಳ ಕಣ್ಣು ದೇವರ ಕೋಣೆಯ ಮೇಲೆ ಬಿತ್ತು. ಅಲ್ಲಿ ಗೌರಾಬಾಯಿ ದಿನಕ್ಕೆರಡು ಹೊತ್ತು ಕೆಂಡದ ಮೇಲೆ ಲೋಬಾನ ಹಾಕುತ್ತಿದ್ದರು. ಊದಿನಕಡ್ಡಿಗಂತೂ ಲೆಕ್ಕವಿರಲಿಲ್ಲ. ಕೋಣೆಗೆ ಕಿಟಕಿ ಇರಲಿಲ್ಲ.

ಶೀತಲ್ ಸಂಕೋಚದಿಂದಲೇ ಹೇಳಿದಳು. ಗೌರಾಬಾಯಿ ಏನೂ ವಾದ ಮಾಡಲಿಲ್ಲ. ಧೂಪಾರತಿಯ ಪಾತ್ರೆಯನ್ನು ತಿಕ್ಕಿ ಒರೆಸಿ ಅಟ್ಟದ ಮೇಲಿಟ್ಟರು, ಊದಿನಕಡ್ಡಿಯ ಕಟ್ಟುಗಳನ್ನು ನೆರೆಯವರಿಗೆ ಕೊಟ್ಟುಬಿಟ್ಟರು. ಮರುದಿನದಿಂದ ಬರೀ ನೀರು, ಹೂವು. ಮದುವೆಯಾಗಿ ಬಂದಾಗಿನಿಂದ ತಪ್ಪಿಸದ ಧೂಪ ತಪ್ಪಿತು. ಪೂಜೆ ಮುಗಿದ ಮೇಲೂ ಅವರು ಏಳದೆ, ಏನೋ ಮರೆತವರಂತೆ ಮಾಯಕ್ಕನ ಎದುರು ಕೂತೇ ಇರುತ್ತಿದ್ದರು. ಅಪ್ಪಾಸಾಹೇಬರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ಎದೆಯಲ್ಲಿ ಕಸಿವಿಸಿಯಾಯಿತು. ಅದಕ್ಕೂ ಒಂದು ಹಾರ್ಮೋನು ಇದ್ದಿರಬೇಕು.

ಅಂದಿನಿಂದ ಅವರು ಸಿಗರೇಟು ಬಿಟ್ಟರು. ಈ ಸಲ ಗಂಗೆ ಇರಲಿಲ್ಲ, ಪಂಡಾ ಇರಲಿಲ್ಲ; ಎರಡನೆಯ ರಕ್ತಪರೀಕ್ಷೆಯ ಅಂಜಿಕೆಯೂ ನಾಚಿಕೆಯೂ ಕೂಡಿ ಬಿಡಿಸಿದವು. ಮನಸ್ಸಿನ ಸಂಕಲ್ಪವೊಂದೇ ಸಾಕೆಂದು ಭಾಷಣ ಮಾಡಿದ್ದ ಮಹಾನುಭಾವ ಕೈಗೆ ಸಿಕ್ಕರೆ ಕಪಾಳಕ್ಕೆ ಹೊಡೆಯಬೇಕೆಂದು ಅವರಿಗೆ ದಿನಾ ಅನಿಸುತ್ತಿತ್ತು. ಸ್ಟೋರಿನಲ್ಲಿ ನಟ್ಟು ಕೇಳಿದವರಿಗೆ ಬೋಲ್ಟು ಕೊಟ್ಟರು, ಬೋಲ್ಟು ಕೇಳಿದವರ ಮೇಲೆ ಕೂಗಾಡಿದರು. ಬೆಳಿಗ್ಗೆ ಟಪರಿಯ ಮುಂದೆ ಕಣ್ಣು ಮುಚ್ಚಿಕೊಂಡು ಓಡಿದರು. ಹುಸೇನಪ್ಪ ಮೊದಲು ಕೈ ಬೀಸಿದ, ಆಮೇಲೆ ತನ್ನಿಂದೇನು ತಪ್ಪಾಯಿತೆಂದು ಚಿಂತೆಗೆ ಬಿದ್ದ.

ಎರಡನೆಯ ಸಲದ ರಕ್ತ ಗಂಗಾಜಲದ ಹಾಗಿತ್ತು. ಹೊಗೆ ಇಳಿದಿತ್ತು, ಹಾರ್ಮೋನುಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಶೀತಲ್ ಮೆಟ್ಟಿಲುಗಳನ್ನು ಹಾರುತ್ತಲೇ ಬಂದಳು. ಧೂಪ ನಿಂತದ್ದಕ್ಕೂ ರಕ್ತ ಶುದ್ಧವಾದದ್ದಕ್ಕೂ ಸಂಬಂಧ ಕಣ್ಣಿಗೆ ಕಟ್ಟಿದಂತಿದೆ, ಗೈಡ್ ಇದರ ಮೇಲೆ ಬೇರೆಯೇ ಒಂದು ಲೇಖನ ಬರೆಯೋಣ ಎಂದಿದ್ದಾರೆ ಎಂದಳು. ಗೌರಾಬಾಯಿ ನಕ್ಕು ಅವಳ ಕೈಗೆ ಬೆಲ್ಲ ಕೊಟ್ಟರು. ಅವಳು ಹೋದ ಮೇಲೆ ದೇವರ ಕೋಣೆಯಲ್ಲಿ ಕೂತು ಸೆರಗು ಬಾಯಿಗೆ ಹಿಡಿದು ಅತ್ತರು. ಇಷ್ಟು ವರ್ಷ ದೇವರ ಮುಂದೆ ಕೂತು ಗಂಡನಿಗೆ ವಿಷ ಉಣಿಸಿದೆನಲ್ಲ ಎಂದು ಅತ್ತರು. ಬೇಡವೆಂದರೂ ಕಿವಿಗೆ ಬಿದ್ದ ಈ ಮಾತು ಅಪ್ಪಾಸಾಹೇಬರಿಗೆ ಆ ವಾರವೆಲ್ಲ ಅನ್ನ ಸೇರಗೊಡಲಿಲ್ಲ.

ಕೋಜಾಗಿರಿ ಹುಣ್ಣಿಮೆ ಬಂತು. ಸೊಸಾಯಿಟಿಯವರೆಲ್ಲ ಸಂಜೆ ತಾರಸಿಯ ಗಚ್ಚಿನ ಮೇಲೆ ಸೇರಿ, ಚಂದ್ರ ಮೂಡುತ್ತಲೂ ಆರತಿ ಮಾಡಿ, ಕೇಸರಿ-ಬಾದಾಮಿ ಹಾಕಿ ಕಾಸಿದ ಹಾಲು ಕುಡಿಯುವುದು ಪ್ರತಿವರ್ಷದ ರೂಢಿ. ಆರತಿಯ ಮಾನ ಗೌರಾಬಾಯಿಯವರದು. ಗಾಳಿ ಜೋರಿತ್ತು, ದೀಪ ಹಚ್ಚಲು ಅವರು ಕಡ್ಡಿಯ ಮೇಲೆ ಕಡ್ಡಿ ಗೀರಿದರು. ಯಾರೋ ಊದಿನಕಡ್ಡಿ ಮುಂದೆ ಹಿಡಿದಾಗ ಕೈ ಹಿಂದೆ ತೆಗೆದರು.

"ನನ್ನ ಕೈಯಾಗ ಅದನ್ನ ಕೊಡಬ್ಯಾಡ್ರಿ. ಅದರಿಂದನ ಇವರ ರಕ್ತಾ ಕೆಟ್ಟಿತ್ತು," ಎಂದರು.

ಅಪ್ಪಾಸಾಹೇಬರು ಹಾಲಿನ ಲೋಟ ಕೆಳಗಿಟ್ಟು ಎದ್ದು ನಿಂತರು. ತಾವು ಎದ್ದದ್ದು ಅವರಿಗೇ ಆಶ್ಚರ್ಯವಾಯಿತು. ಆದರೆ ಎದ್ದಾಗಿತ್ತು.

"ಧೂಪದ್ದ ತಪ್ಪಿಲ್ಲ. ನಾ ಸಿಗರೇಟ ಸೇದತಿದ್ನಿ. ಕಾಶಿಯಿಂದ ಬಂದಾಗಿಂದ, ದಿನಾ ಬೆಳಿಗ್ಗೆ ಸೇದಿ ಓಡಿ ಬರತಿದ್ನಿ," ಎಂದರು. ತಿಳಿಯದವರಿಗೆಂದು ಮರಾಠಿಯಲ್ಲಿಯೂ ಹೇಳಿದರು. ಒಂದೇ ಪಾಪವನ್ನು ಎರಡು ಭಾಷೆಗಳಲ್ಲಿ ಒಪ್ಪಿಕೊಂಡ ಗಂಡಸು ನಿಗಡಿಯಲ್ಲಿ ಅವರೊಬ್ಬರೇ ಇರಬೇಕು.

ಮೊದಲು ಚೇರಮನ್ ಜಗತಾಪ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಹುಣ್ಣಿಮೆಗೆಂದು ಬಂದಿದ್ದ ಸಿದ್ದಾರೂಢ ಕಣ್ಣೊರೆಸಿಕೊಳ್ಳುತ್ತ, "ಹೆಂಡತಿ ಮ್ಯಾಲ ಬಂದ ಅಪವಾದ ತನ್ನ ತಲಿ ಮ್ಯಾಲ ಹೊತಗೊಂಡಾರ ನೋಡ್ರಿ, ಇದು ಗಂಡಸ್ತನ," ಎಂದ. ವರದಿಯಲ್ಲಿ ಮೊದಲೇ ಬಂದಿತ್ತಲ್ಲ ಎಂದೂ ಸೇರಿಸಿದ. ಶೀತಲ್ ಪ್ರೀತಿಯಿಂದ, ರಿಪೋರ್ಟು ಸುಳ್ಳು ಹೇಳುವುದಿಲ್ಲ ಕಾಕಾ ಎಂದಳು. ಜಗತಾಪರು, ನಾನು ದಿನಾ ಆ ಹುಸೇನಪ್ಪನ ಹತ್ತಿರವೇ ತೆಗೆದುಕೊಳ್ಳುವವನು, ಹಿಂದೊಮ್ಮೆ ಕೇಳಿಯೂ ಇದ್ದೆ, ಇವರಿಗೆ ಒಂದು ದಿನವೂ ಏನೂ ಕೊಟ್ಟಿಲ್ಲವೆಂದು ಅವನು ಆಣೆ ಮಾಡಿ ಹೇಳಿದ್ದಾನೆ ಎಂದು ಸಾಕ್ಷಿಯನ್ನೂ ಒದಗಿಸಿದರು.

ಸುಳ್ಳು ಹೇಳಿದಾಗ ಊರೆಲ್ಲ ನಂಬಿತ್ತು, ಸತ್ಯ ಹೇಳಿದರೆ ಹಾರ ಹಾಕುವುದೊಂದು ಬಾಕಿ. ಅಪ್ಪಾಸಾಹೇಬರಿಗೆ ರೇಗಿತು. ಜಗತಾಪರ ಜೇಬಿನಿಂದ ಪಾಕೀಟನ್ನೂ ಬೆಂಕಿಪೊಟ್ಟಣವನ್ನೂ ಕಸಿದುಕೊಂಡು, ಒಂದು ಸಿಗರೇಟು ತುಟಿಗಿಟ್ಟು, ಹಚ್ಚಿ, ಹಳೆಯ ಅಭಿಮಾನವನ್ನೆಲ್ಲ ಕೂಡಿಸಿ ಒಂದು ದಮ್ಮು ಎಳೆದರು.

ಬಿಟ್ಟು ಕೆಲವು ವಾರಗಳಾಗಿದ್ದವು. ಸಾಲದ್ದಕ್ಕೆ ಗಂಟಲಲ್ಲಿ ಬಾದಾಮಿಯ ಚೂರಿತ್ತು. ಅಪ್ಪಾಸಾಹೇಬರು ಕೆಮ್ಮಿದರು, ಬಗ್ಗಿ ಕೆಮ್ಮಿದರು, ನೀರಿನ ಟಾಕಿ ಹಿಡಿದುಕೊಂಡು ಕೆಮ್ಮಿದರು, ಕಣ್ಣುಮೂಗುಗಳಿಂದ ನೀರು ಸುರಿಯಿತು, ಕುಡಿದ ಹಾಲು ಹೊರಗೆ ಬಂತು. ಜನ ನಕ್ಕು ನಕ್ಕು ಸುಸ್ತಾದರು. ಸೇದುವವನು ಎಲ್ಲಾದರೂ ಹೀಗೆ ಕೆಮ್ಮುತ್ತಾನೆಯೇ ಎಂದರು. ಜಗತಾಪರು ಬೆನ್ನು ತಟ್ಟಿ, ಈ ಚಟ ನಿಮ್ಮಂಥ ಸಾತ್ವಿಕರಿಗಲ್ಲವೆಂದು ಮರಾಠಿಯಲ್ಲಿ ಬುದ್ಧಿ ಹೇಳಿ ಪಾಕೀಟನ್ನು ಹಿಂದಕ್ಕೆ ತೆಗೆದುಕೊಂಡರು. ಸೋತ ಮನುಷ್ಯ ಮೆಟ್ಟಿಲಿಳಿದು ಮನೆಗೆ ಬಂದು ಗೋಡೆಗೊರಗಿ ಕೂತರು.

ಹಿಂದೆಯೇ ಗೌರಾಬಾಯಿ ಬಂದರು. ನೀರು ತಂದುಕೊಟ್ಟು ಎದುರಿಗೆ ಕೂತರು.

"ಗಾಳಿ ಭಾಳ ಇತ್ತು ಮ್ಯಾಲ," ಎಂದರು.

ಅಪ್ಪಾಸಾಹೇಬರು ಹೌದೆಂದರು.

"ದೀಪಾ ಹಚ್ಚಾಕ ನನಗ ಎಷ್ಟ ಕಡ್ಡಿ ಬೇಕಾದ್ವು. ನೀವು ಕೈ ಹಿಂಗ ಬೊಗಸಿ ಮಾಡಿ, ಒಂದ ಕಡ್ಡಿಗೆ ಹಚ್ಚಿದ್ರಿ. ನಿಮ್ಮ ಕೆಮ್ಮು ಎಲ್ಲಾರೂ ನೋಡಿದ್ರು. ನಾ ಕೈ ನೋಡಿದೆ."

ಅಪ್ಪಾಸಾಹೇಬರು ತಮ್ಮ ಕೈಗಳನ್ನು ನೋಡಿಕೊಂಡರು. ಕೆಮ್ಮು ಕೈಕೊಟ್ಟಿತ್ತು, ಕೈಗಳು ಸತ್ಯ ಹೇಳಿದ್ದವು. ಅವರು ತಲೆ ತಗ್ಗಿಸಿ, ಇಟಾರ್ಸಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ನರ್ಮದೆಯ ಶಾಸ್ತ್ರವನ್ನು ಹೇಳುವಾಗ ಅದು ರೈಲಿನಲ್ಲಿ ಇದ್ದಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

"ಅಂದ್ರ ನನ್ನ ಧೂಪ ಅಲ್ಲ," ಎಂದರು ಗೌರಾಬಾಯಿ.

ಅಲ್ಲವೆಂದು ಅಪ್ಪಾಸಾಹೇಬರು ಮಾಯಕ್ಕನ ಆಣೆ ಮಾಡಿದರು. ಗೌರಾಬಾಯಿಗೆ ಮೊದಲು ಹಗುರವಾಯಿತು. ಎದ್ದು ಸ್ಟೂಲು ಹಾಕಿ ಅಟ್ಟದಿಂದ ಧೂಪಾರತಿ ಇಳಿಸಿ, ಕೆಂಡ ಮಾಡಿ, ಮುಷ್ಟಿ ತುಂಬ ಲೋಬಾನ ಹಾಕಿದರು. ಮನೆ ತುಂಬ ಹೊಗೆಯಾಯಿತು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. ಅಪ್ಪಾಸಾಹೇಬರೂ ಧೈರ್ಯ ಮಾಡಿ ಸ್ವಲ್ಪ ನಕ್ಕರು. ಸಿಟ್ಟು ಬಂದದ್ದು ಆಗ. ಸಾವಕಾಶವಾಗಿ ಬಂತು, ಪೂರ್ತಿಯಾಗಿ ಬಂತು. ಕಾಶಿಯಿಂದ ಈಚೆಗೆ ತಾವು ತಿನ್ನದೆ ಬಿಟ್ಟ ಒಂದೊಂದು ಎಣ್ಣೆಗಾಯಿಯನ್ನೂ, ಯಾರ ಯಾರ ಮದುವೆಯ ಊಟದಲ್ಲಿ ಬಿಟ್ಟದ್ದು ಎಂಬುದರ ಸಮೇತ, ಅವರು ಗಂಡನಿಗೆ ನೆನಪಿಸಿಕೊಟ್ಟರು. ಷಡ್ಡಕರಿಗೆ ಏಲಕ್ಕಿ ಹೇಳಿದ್ದನ್ನೂ ಬಿಡಲಿಲ್ಲ. ಕೊನೆಗೆ, ನಾಳೆ ಮೊದಲು ಆ ಹುಡುಗಿಗೆ ಹೇಳಿ ನಿಮ್ಮ ರಕ್ತವನ್ನು ಸೇದುವವರ ಗುಂಪಿಗೆ ಹಾಕಿಸಬೇಕು, ನಾಳೆಯಿಂದ ಬೆಳಿಗ್ಗೆ ನಾನೂ ಓಡಲು ಬರುತ್ತೇನೆ ಎಂದರು.

ಹೇಳಿದಂತೆ ಬಂದರು. ಸೀರೆಯ ಸೆರಗು ಬಿಗಿದು, ಮಗಳು ಮದುವೆಗೆ ಮುಂಚೆ ಹಾಕುತ್ತಿದ್ದ ಬೂಟು ಕಟ್ಟಿಕೊಂಡು, ಗಂಡನ ಬೆನ್ನ ಹಿಂದೆ ಹೆಜ್ಜೆ ಬಿಡದೆ ಬಂದರು. ಟಪರಿ ಹತ್ತಿರವಾಗುತ್ತಿದ್ದಂತೆ ಅಪ್ಪಾಸಾಹೇಬರು ರಸ್ತೆಯ ಆಚೆ ಬದಿಯ ಜಾಹೀರಾತುಗಳನ್ನು ಓದತೊಡಗಿದರು. ಗೌರಾಬಾಯಿ ನೇರವಾಗಿ ಹುಸೇನಪ್ಪನ ಎದುರಿಗೆ ಹೋಗಿ ನಿಂತು ಉಸಿರು ಸರಿಮಾಡಿಕೊಂಡರು.

"ಏನಪಾ, ಇವರಿಗೆ ನೀ ದಿನಾ ಏನ ಕೊಡತಿದ್ದಿ?"

ಹುಸೇನಪ್ಪ ಅಪ್ಪಾಸಾಹೇಬರನ್ನು ನೋಡಿದ. ಅಪ್ಪಾಸಾಹೇಬರು ನಿಜ ಹೇಳು ಎಂದು ಸನ್ನೆ ಮಾಡಿದರು. ಆ ಸನ್ನೆಯನ್ನೂ ಅವನು ಹೆಂಡತಿಯ ಒತ್ತಾಯಕ್ಕೆ ಮಾಡಿದ್ದೆಂದೇ ತಿಳಿದ. ಕೊಟ್ಟ ಮಾತು ಮಾತು.

"ಏನೂ ಕೊಟ್ಟಿಲ್ರಿ ಅವ್ವಾರ. ದೇವರಾಣಿ."

"ಛಲೋ ಆತು," ಎಂದರು ಗೌರಾಬಾಯಿ. "ಇನ್ನ ಮುಂದನೂ ಅದನ್ನ ಕೊಡು."

ಹಾಗೆಂದವರೇ ಮುಂದಕ್ಕೆ ಓಡಿದರು. ಅಪ್ಪಾಸಾಹೇಬರು ಅವರ ಹಿಂದೆ ಓಡಿದರು.